ತೊರೋನಿ ಟಿವಿಯ ಮೂರು ವರ್ಷ

ವೇದವತಿಗೆ ಹಂಗೇರಿ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ 2020ರ ಫೆಬ್ರವರಿಯಲ್ಲಿ ಹಂಗೇರಿಯ ತೊರೋನಿ ಎಂಬ ಟಿವಿ ಚಾನಲ್ಲಿನ ಇಪ್ಪತ್ತು ವರ್ಷದ ಚರಿತ್ರೆ ಬರೆಯುವ ಕೆಲಸ ಅವಳ ಪಾಲಿಗೆ ಬಂತು.

ಅವಳು ಕೆಲಸ ಮಾಡುತ್ತಿದ್ದದ್ದು ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದು ಕಂಪನಿಯಲ್ಲಿ. ಬೇರೆಬೇರೆ ದೇಶದ ಚಾನಲ್ಲುಗಳು ತಮ್ಮ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ ಅಲ್ಲಿಗೆ ಕಳಿಸುತ್ತಿದ್ದವು. ಯಾವ ತುಣುಕಿನಲ್ಲಿ ಯಾರಿದ್ದಾರೆ, ಏನು ಮಾತಾಡಿದ್ದಾರೆ, ಅದು ಯಾವ ದಿನದ್ದು ಎಂದು ಗುರುತು ಹಾಕಿ ಪಟ್ಟಿ ಮಾಡಿಕೊಡುವುದು ಕಂಪನಿಯ ಕಸುಬು. ಮದುವೆಗೆ ಮುಂಚೆ ಬೆಂಗಳೂರಿನ ಒಂದು ಸುದ್ದಿ ಚಾನಲ್ಲಿನ ಟೇಪು ಲೈಬ್ರರಿಯಲ್ಲಿ ಏಳು ವರ್ಷ ದುಡಿದಿದ್ದ ವೇದವತಿಗೆ ಈ ಕೆಲಸ ರೂಢಿಯಾದದ್ದು. ಭಾಷೆ ಗೊತ್ತಿಲ್ಲದಿದ್ದರೆ ಏನಂತೆ, ಮಾತನ್ನು ಕೇಳಿ ಇಂಗ್ಲಿಷಿಗೆ ತಿರುಗಿಸಿ ಕೊಡುವ ಸಾಫ್ಟ್‌ವೇರ್ ಇತ್ತು.

"ತೊರೋನಿ ಅಂದರೆ ಅವರ ಭಾಷೆಯಲ್ಲಿ ಗೋಪುರ ಅಂತೆ," ಎಂದಿದ್ದರು ಅವಳ ಮ್ಯಾನೇಜರ್ ರಮಾನಂದ. ಮಂಗಳೂರು ಕಡೆಯವರು, ಆ ಕಂಪನಿಯಲ್ಲಿ ಹದಿನಾಲ್ಕು ವರ್ಷ ಕಳೆದವರು. "ಮುಂದಿನ ವರ್ಷ ಮಾರ್ಚಿಗೆ ಚಾನಲ್ಲಿಗೆ ಇಪ್ಪತ್ತು ತುಂಬತ್ತೆ. ಪಟ್ಟಿಯ ಜೊತೆಗೆ ನಲವತ್ತು ಪುಟದ ಚರಿತ್ರೆಯೂ ಬೇಕಂತೆ, ಇಂಗ್ಲಿಷಿನಲ್ಲಿ. ಅಲ್ಲಿಯವರು ಬರೆದರೆ ಜಗಳ ಆಗತ್ತಂತೆ. ದೂರದವರು ಬರೆದರೆ ವಾಸಿ ಅಂದ್ರು."

ಯಾಕೆ ಜಗಳವಾಗುತ್ತದೆ ಎಂದು ಅವಳು ಕೇಳಲಿಲ್ಲ. ಚಾನಲ್ಲು ಒಂದು ಪಕ್ಷದ ಪರ ಎಂಬುದು ಮೊದಲ ವಾರದಲ್ಲೇ ತಿಳಿದಿತ್ತು. ಅದರಲ್ಲಿ ಅವಳಿಗೆ ವಿಚಿತ್ರವೇನೂ ಕಾಣಲಿಲ್ಲ. ಬೆಂಗಳೂರಿನಲ್ಲಿ ಯಾವ ಚಾನಲ್ಲು ಯಾರದು ಎಂದು ಹೂವು ಮಾರುವವರಿಗೂ ಗೊತ್ತಿರುತ್ತದೆ.

ಆ ತಿಂಗಳ ಕೊನೆಯಲ್ಲಿ ಮಲೇಷ್ಯಾದ ಸರಕಾರ ಚುನಾವಣೆಯೇ ಇಲ್ಲದೆ ಒಂದು ವಾರದಲ್ಲಿ ಬದಲಾಯಿತು. ಮಾರ್ಚ್ ಹದಿನೆಂಟಕ್ಕೆ ಕೊರೋನಾದಿಂದ ಎಲ್ಲ ಮುಚ್ಚಿತು. ಸರಕಾರ ಅದಕ್ಕೆ ಎಂಸಿಓ, ಅಂದರೆ ಓಡಾಟ ನಿಯಂತ್ರಣದ ಆದೇಶ, ಎಂಬ ಹೆಸರಿಟ್ಟಿತು. ಮನೆಗೊಬ್ಬರು ಮಾತ್ರ ಹೊರಗೆ ಹೋಗಬಹುದು, ಅದೂ ಹತ್ತು ಕಿಲೋಮೀಟರ್ ಒಳಗೆ. ವೇದವತಿಯ ಗಂಡ ಕೌಸ್ತುಭನಿಗೆ ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ಕೆಲಸ. ಬಂದರು ನಿಲ್ಲುವ ಹಾಗಿರಲಿಲ್ಲ. ಅವನು ದಿನಾ ಪರವಾನಗಿ ಪತ್ರವನ್ನು ಕಾರಿನ ಗಾಜಿಗೆ ಒತ್ತಿ ಹಿಡಿದು ಪೊಲೀಸರನ್ನು ದಾಟಿ ಹೋಗುತ್ತಿದ್ದ. ಹನ್ನೆರಡು ವರ್ಷದ ಮಗಳು ಇಂಚರ ಹಾಲಿನಲ್ಲಿ ಆನ್‌ಲೈನ್ ಶಾಲೆಗೆ ಕೂತರೆ, ವೇದವತಿ ಪುಚೊಂಗಿನ ತಮ್ಮ ಫ್ಲಾಟಿನ ಅಡುಗೆಮನೆಯ ಮೇಜಿನ ಮೇಲೆ ಹಂಗೇರಿಯನ್ನು ಹರಡಿಕೊಂಡು ಕೂರುತ್ತಿದ್ದಳು.

ಆಫೀಸಿನಲ್ಲಾದರೆ ದೊಡ್ಡ ಪರದೆಯಲ್ಲಿ ಚಿತ್ರ ನೋಡುತ್ತ ಕೆಲಸ ಮಾಡುತ್ತಿದ್ದರು. ಮನೆಯ ಇಂಟರ್ನೆಟ್ಟು ಮಗಳ ತರಗತಿಗೂ ಅಮ್ಮನ ವೀಡಿಯೊಗೂ ಒಟ್ಟಿಗೆ ಸಾಲುತ್ತಿರಲಿಲ್ಲ. ಹಾಗಾಗಿ ವೇದವತಿ ಚಿತ್ರ ಬಿಟ್ಟು, ಸಾಫ್ಟ್‌ವೇರ್ ತಿರುಗಿಸಿ ಕೊಟ್ಟ ಇಂಗ್ಲಿಷ್ ಬರಹವನ್ನಷ್ಟೇ ಓದಿ ಗುರುತು ಹಾಕತೊಡಗಿದಳು. ಆ ಇಂಗ್ಲಿಷು ಅರ್ಧ ಅರ್ಥವಾಗುತ್ತಿತ್ತು, ಅರ್ಧ ಆಗುತ್ತಿರಲಿಲ್ಲ. 'ಮಂತ್ರಿಗಳು ಎಲೆಕೋಸನ್ನು ಉದ್ಘಾಟಿಸಿದರು' ಎಂದು ಒಂದು ಕಡೆ ಇತ್ತು. ಬೆಳಗಿನ ವಾರ್ತೆಯ ಆರಂಭದಲ್ಲಿ ಪ್ರತಿದಿನ ಯಾರೋ ಒಬ್ಬರಿಗೆ ಶುಭಾಶಯ. 'ಇಂದು ಕತಾಲಿನ್‌ಗಳಿಗೆ ಶುಭಾಶಯ', 'ಇಂದು ಅನ್ನಾಗಳಿಗೆ ಶುಭಾಶಯ.' ಆಫೀಸಿನಲ್ಲಿ ಯಾರದ್ದೋ ಹುಟ್ಟುಹಬ್ಬ ಇರಬೇಕು ಎಂದುಕೊಂಡು ಅವಳು ಮುಂದೆ ಹೋಗುತ್ತಿದ್ದಳು.

ಸಂಶಯ ಬಂದರೆ ಕೇಳಲು ಬುಡಾಪೆಸ್ಟಿನಲ್ಲಿ ಒಬ್ಬ ಹೆಂಗಸಿದ್ದಳು. ಹೆಸರು ಮಾರ್ತಾ, ವಯಸ್ಸು ಅರವತ್ತಮೂರು, ಚಾನಲ್ಲಿನ ಟೇಪು ಕೋಣೆಯ ಮೇಲ್ವಿಚಾರಕಿ. ಆಕೆಯ ಉತ್ತರಗಳು ಒಂದು ಸಾಲು ಮೀರುತ್ತಿರಲಿಲ್ಲ. ಏಪ್ರಿಲಿನಲ್ಲಿ ಅವಳು ನೋಡಿದ ಅರವತ್ತು ತುಣುಕುಗಳ ತಾರೀಖು 2018 ಎಂದಿದ್ದು, ಮಾತು ಮಾತ್ರ 2008ರ ಚಳಿಗಾಲದ್ದಾಗಿತ್ತು. ಕೇಳಿದ್ದಕ್ಕೆ ಮಾರ್ತಾ ಬರೆದಳು: "ಹೌದು. ಟೇಪು ಇಳಿಸುವ ಒಂದು ಯಂತ್ರದ ಗಡಿಯಾರ ಹತ್ತು ವರ್ಷ ಮುಂದಿತ್ತು. ತಿದ್ದಿಕೊಳ್ಳಿ."

ವೇದವತಿ ತಿದ್ದಿದಳು. ಎಲ್ಲ ಶುರುವಾದದ್ದು ಅಲ್ಲಿಂದಲೇ.

ಜೂನಿನಲ್ಲಿ ಅವಳು 2012ರ ತುಣುಕುಗಳಿಗೆ ಬಂದಳು. ಅಲ್ಲಿಯವರೆಗೆ ಹನ್ನೊಂದು ವರ್ಷ ಚಾನಲ್ಲು ಒಬ್ಬ ನಾಯಕನನ್ನು ಹಾಡಿ ಹೊಗಳಿತ್ತು. ಗಾಬೊರ್ ಎಂಬ ವಾರ್ತೆಗಾರ ಅವನನ್ನು ನಾಡಿನ ತಂದೆ ಎಂದು ಎಷ್ಟು ಸಲ ಕರೆದಿದ್ದನೋ ಲೆಕ್ಕವಿಲ್ಲ. 2012ರ ಅಕ್ಟೋಬರಿನ ಒಂದು ಸೋಮವಾರ ಅದೇ ಗಾಬೊರ್ ಅದೇ ನಾಯಕನನ್ನು ಕಳ್ಳ ಎಂದ. ಮಂಗಳವಾರ ಸುಳ್ಳುಗಾರ ಎಂದ. ಹೀಗೇ ಎರಡೂಮುಕ್ಕಾಲು ವರ್ಷ, ನಾನೂರ ಹನ್ನೆರಡು ತುಣುಕು. ಆಮೇಲೆ 2015ರ ಜುಲೈ ಒಂದರಿಂದ ನಾಯಕ ಮತ್ತೆ ನಾಡಿನ ತಂದೆ. ನಡುವೆ ಯಾವ ವಿವರಣೆಯೂ ಇಲ್ಲ, ಕ್ಷಮಾಪಣೆಯೂ ಇಲ್ಲ.

ವೇದವತಿ ಮೂರು ಸಲ ಓದಿದಳು.

"ರೀ, ಒಂದು ಚಾನಲ್ಲು ಪಕ್ಷ ಬದಲಾಯಿಸಬಹುದು, ಒಪ್ತೀನಿ," ಎಂದಳು ಗಂಡನ ಬಳಿ. "ಎರಡೆರಡು ಸಲ ಬದಲಾಯಿಸತ್ತಾ? ಅದೇ ಮನುಷ್ಯ, ಅದೇ ಬಾಯಿ?"

"ಇಲ್ಲಿಯ ರಾಜಕೀಯ ನೋಡ್ತಾ ಇದೀಯಲ್ಲ, ಇನ್ನೂ ಆಶ್ಚರ್ಯನಾ?" ಎಂದು ಕೌಸ್ತುಭ ಹೋಟೆಲಿನಿಂದ ತಪಾವ್ ಮಾಡಿ, ಕಟ್ಟಿಸಿಕೊಂಡು, ತಂದಿದ್ದ ನಾಸಿ ಲೆಮಾಕ್ ಅನ್ನದ ಪೊಟ್ಟಣ ಬಿಚ್ಚಿದ.

ಅವಳಿಗೆ ಅದು ಉತ್ತರ ಅನ್ನಿಸಲಿಲ್ಲ. ಮಾರ್ತಾಳಿಗೆ ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು. ಆಕೆ ಹುಷಾರಿಲ್ಲದೆ ರಜೆಯಲ್ಲಿದ್ದಾರೆ ಎಂಬ ಸ್ವಯಂಚಾಲಿತ ಸಂದೇಶ ಬಂತು. ಆ ದಿನಗಳಲ್ಲಿ ಹುಷಾರಿಲ್ಲ ಎಂದರೆ ಎಲ್ಲರ ಮನಸ್ಸೂ ಒಂದೇ ಕಡೆ ಹೋಗುತ್ತಿತ್ತು. ಮತ್ತೆ ಕೆದಕಲು ಅವಳಿಗೆ ಮನಸ್ಸಾಗಲಿಲ್ಲ.

ರಮಾನಂದರು ಫೋನಿನಲ್ಲಿ ಅವಸರ ಮಾಡಿದರು. "ಮೇಡಂ, ಓದಿದವರಿಗೆ ಕಥೆಯ ಒಂದು ದಾರಿ ಕಾಣಬೇಕು. ನೀವೇ ಅನುಭವಸ್ಥರು, ನಿಮಗೆ ಸರಿ ಕಂಡ ಹಾಗೆ ಮಾಡಿ."

ಆಗ ಅವಳಿಗೆ ಆ ಗಡಿಯಾರ ನೆನಪಾಯಿತು. ಈ ನಾನೂರ ಹನ್ನೆರಡೂ ಅದೇ ಯಂತ್ರದಲ್ಲಿ ಇಳಿದವಾದರೆ? ಹತ್ತು ವರ್ಷ ಹಿಂದಕ್ಕೆ ತಳ್ಳಿದರೆ ಎಲ್ಲ ತುಣುಕುಗಳೂ 2002ರಿಂದ 2005ರ ನಡುವೆ ಬಂದು ಕೂರುತ್ತವೆ. ಚಾನಲ್ಲು ಆಗಷ್ಟೇ ಕಣ್ಣು ಬಿಟ್ಟಿತ್ತು. ಶುರುವಿನಲ್ಲಿ ಹೊಗಳಿತು, ತೆಗಳಿತು, ಗೊಂದಲದಲ್ಲಿತ್ತು. ಆಮೇಲೆ ಒಂದು ಕಡೆ ನಿಂತಿತು. ಇದು ಅರ್ಥವಾಗುವ ಕಥೆ. ಆ ವರ್ಷಗಳಲ್ಲಿ ಮೊದಲೇ ಇದ್ದ ಹೊಗಳಿಕೆಯ ತುಣುಕುಗಳ ನಡುವೆ ಇವು ಕಲಸಿ ಹೋಗುತ್ತವೆ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಮೂರು ತಿಂಗಳಿಂದ ನಾಲ್ಕು ಗೋಡೆಯೊಳಗೆ, ದಿನಕ್ಕೊಂದು ಹೊಸ ನಿಯಮ ಕೇಳುತ್ತ ಕೂತವಳಿಗೆ, ಅರ್ಥವಾಗುವ ಯಾವುದಾದರೂ ಒಂದು ಬೇಕಾಗಿತ್ತು. ನಾನೂರ ಹನ್ನೆರಡು ತುಣುಕುಗಳ ತಾರೀಖನ್ನು ಅವಳು ನಾಲ್ಕು ದಿನದಲ್ಲಿ ಬದಲಾಯಿಸಿದಳು. ಹಳೆಯ ತಾರೀಖುಗಳ ಪ್ರತಿಯೊಂದನ್ನು ಇಟ್ಟುಕೊಂಡಿದ್ದು ಮಾತ್ರ ಬೆಂಗಳೂರಿನ ಅಭ್ಯಾಸಬಲ.

ಡಿಸೆಂಬರಿನಲ್ಲಿ ಚರಿತ್ರೆ ಬುಡಾಪೆಸ್ಟಿಗೆ ಹೋಯಿತು. ಚಾನಲ್ಲಿನ ಮುಖ್ಯಸ್ಥರು ಹಿಗ್ಗಿ ಹೀರೇಕಾಯಿಯಾದರು. 'ನಮ್ಮ ಕಥೆ ಇಷ್ಟು ಸ್ಪಷ್ಟವಾಗಿ ಯಾರೂ ಬರೆದಿರಲಿಲ್ಲ' ಎಂದು ಅವರು ಬರೆದ ಪತ್ರವನ್ನು ರಮಾನಂದರು ಇಡೀ ಕಂಪನಿಗೆ ಕಳಿಸಿದರು.

ಜನವರಿ ಹದಿಮೂರಕ್ಕೆ ಅವರಿದ್ದ ಸೆಲಾಂಗೋರ್ ರಾಜ್ಯದಲ್ಲಿ ಎರಡನೆಯ ಎಂಸಿಓ ಶುರುವಾಯಿತು. ಅದರ ಮಾರನೆಯ ದಿನ ಒಂದು ಮಿಂಚಂಚೆ ಬಂತು.

"ಪ್ರಿಯ ಮಿಸೆಸ್ ವೇದವತಿ, ನನ್ನ ಮೂರು ವರ್ಷ ಎಲ್ಲಿ? ಮಾರ್ತಾ."

ವೇದವತಿಗೆ ತಲೆಬುಡ ತಿಳಿಯಲಿಲ್ಲ. ಮೊದಲು ಸಮಾಧಾನವಾಯಿತು, ಆಕೆ ಬದುಕಿದ್ದಾಳಲ್ಲ ಎಂದು. ಆಮೇಲೆ ತಾನು ಹಿಂದಕ್ಕೆ ತಳ್ಳಿದ್ದ ತಾರೀಖುಗಳು ನೆನಪಾದವು. ಸಂಜೆ ನಾಲ್ಕಕ್ಕೆ, ಅಲ್ಲಿಯ ಬೆಳಗಿನ ಒಂಬತ್ತಕ್ಕೆ, ಇಬ್ಬರೂ ವೀಡಿಯೊ ಕರೆಯಲ್ಲಿ ಮೊದಲ ಸಲ ಮುಖ ನೋಡಿ ಮಾತಾಡಿದರು. ಮಾರ್ತಾ ದಪ್ಪ ಉಣ್ಣೆಯ ಶಾಲು ಹೊದ್ದು ಕೂತಿದ್ದಳು. ಮಾತಿನ ನಡುವೆ ಉಸಿರು ಸಾಲದೆ ನಿಲ್ಲುತ್ತಿದ್ದಳು. ಇಬ್ಬರ ಇಂಗ್ಲಿಷೂ ಕುಂಟುತ್ತಿತ್ತು.

"ಗಡಿಯಾರ ತಪ್ಪಿತ್ತು ಅಂತ ನೀವೇ ಹೇಳಿದ್ದಿರಲ್ಲ," ಎಂದಳು ವೇದವತಿ.

"ಅರವತ್ತು ಟೇಪಿಗೆ ಹೇಳಿದೆ. ನಾನೂರಕ್ಕೆ ಹೇಳಲಿಲ್ಲ."

"ಆದರೆ ಅದೇ ಮನುಷ್ಯ ಹೇಗೆ ಹಾಗೂ ಹೀಗೂ ಮಾತಾಡ್ತಾನೆ?"

"ಮಾಲೀಕನಿಗೂ ನಾಯಕನಿಗೂ ಜಗಳವಾಯಿತು. ಮಾಲೀಕ ಹೇಳಿದ್ದನ್ನು ಗಾಬೊರ್ ಓದಿದ. ಮೂರು ವರ್ಷದ ಮೇಲೆ ಮಾಲೀಕ ಚಾನಲ್ಲು ಮಾರಿದ. ಹೊಸ ಮಾಲೀಕ ಹೇಳಿದ್ದನ್ನು ಗಾಬೊರ್ ಓದಿದ." ಮಾರ್ತಾ ಉಸಿರು ತೆಗೆದುಕೊಂಡಳು. "ಅವನಿಗೆ ಸಾಲ ಇತ್ತು, ಇಬ್ಬರು ಮಕ್ಕಳಿದ್ದರು. ಅಷ್ಟೇ."

"ನಾನು ಹೇಗೆ ನಂಬಲಿ?" ಕೇಳಿದ ಮೇಲೆ ವೇದವತಿಗೆ ನಾಚಿಕೆಯಾಯಿತು. ಆದರೆ ನಿಜಕ್ಕೂ ಅವಳಿಗೆ ಯಾರನ್ನು ನಂಬಬೇಕೋ ತೋಚುತ್ತಿರಲಿಲ್ಲ. ಒಂದು ಸಲ ತಾನೇ ಊಹಿಸಿ ಕೆಟ್ಟಿದ್ದಳು. ಇನ್ನೊಬ್ಬರ ಮಾತು ಕೇಳಿ ಮತ್ತೆ ಕೆಡಬಾರದಲ್ಲ.

ಮಾರ್ತಾ ಸಿಟ್ಟಾಗಲಿಲ್ಲ. "ಬೆಳಗಿನ ವಾರ್ತೆಯಲ್ಲಿ ಹೆಸರಿನ ದಿನ ಹೇಳ್ತಾರೆ. ನಮ್ಮಲ್ಲಿ ವರ್ಷದ ಪ್ರತಿ ದಿನಕ್ಕೂ ಮನುಷ್ಯರ ಒಂದು ಹೆಸರಿದೆ, ಆ ದಿನ ಆ ಹೆಸರಿನವರಿಗೆಲ್ಲ ಶುಭಾಶಯ. ನವೆಂಬರ್ ಇಪ್ಪತ್ತೈದು ಕತಾಲಿನ್ ದಿನ. ಜುಲೈ ಇಪ್ಪತ್ತಾರು ಅನ್ನಾ ದಿನ. ವಾರದ ಹೆಸರನ್ನೂ ಹೇಳ್ತಾರೆ. ನೀವೇ ನೋಡಿ."

ವೇದವತಿ ನೋಡಿದಳು. 'ಸೋಮವಾರ, ಇಂದು ಕತಾಲಿನ್‌ಗಳಿಗೆ ಶುಭಾಶಯ' ಎಂಬ ತುಣುಕಿಗೆ ಅವಳು ಕೊಟ್ಟಿದ್ದ ತಾರೀಖು 2003ರ ನವೆಂಬರ್ ಇಪ್ಪತ್ತೈದು. ಕ್ಯಾಲೆಂಡರಿನಲ್ಲಿ ಅದು ಮಂಗಳವಾರ. ಅಳಿಸಿದ್ದ ಹಳೆಯ ತಾರೀಖು 2013, ಅದು ಸೋಮವಾರ. ಅನ್ನಾ ದಿನ ಶನಿವಾರ ಎಂದು ಇನ್ನೊಂದರಲ್ಲಿತ್ತು. ಅವಳ 2004ರಲ್ಲಿ ಅದು ಸೋಮವಾರ, ಹಳೆಯ 2014ರಲ್ಲಿ ಶನಿವಾರ. ಉಡುಪಿಯಲ್ಲಿ ಅವಳ ಅಪ್ಪ ಅನಂತಪದ್ಮನಾಭರು ಪಂಚಾಂಗ ನೋಡಿ ತಿಥಿ ವಾರ ತಾಳೆ ಹಾಕುತ್ತಿದ್ದ ಹಾಗೆ ಒಂದೊಂದಾಗಿ ತಾಳೆ ಹಾಕಿದಳು. ಇಪ್ಪತ್ತು ನೋಡಿದಳು, ಐವತ್ತು ನೋಡಿದಳು. ಒಂದೂ ಅವಳ ಪರವಾಗಿ ಬರಲಿಲ್ಲ. ಕೊನೆಗೆ ಮಗಳ ತರಗತಿ ಮುಗಿದ ಮೇಲೆ ನಾಲ್ಕಾರು ತುಣುಕುಗಳ ಚಿತ್ರವನ್ನೂ ತೆರೆದಳು. ಗಾಬೊರನ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ತಿಂಗಳುಗಟ್ಟಲೆ ಅವನ ಮಾತನ್ನು ಓದಿದ್ದಳು, ಅವನ ಮುಖವನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

"ಅಮ್ಮಾ, ಆರ್ ಯು ಕ್ರೈಯಿಂಗ್?" ಎಂದಳು ಇಂಚರ, ಲ್ಯಾಪ್‌ಟಾಪ್ ಮುಚ್ಚುತ್ತ.

"ಇಲ್ಲ ಪುಟ್ಟಿ. ಒಂದು ದೊಡ್ಡ ತಪ್ಪು ಮಾಡಿಟ್ಟಿದೀನಿ."

"ದೆನ್ ಜಸ್ಟ್ ಫಿಕ್ಸ್ ಇಟ್ ಲಾ."

ಆ ದಿನ ಕೌಸ್ತುಭ ಬಂದರಿನಿಂದ ಬಂದಾಗ ಅವಳು ಎಲ್ಲವನ್ನೂ ಹೇಳಿದಳು. ಅವನು ಶೂ ಬಿಚ್ಚುತ್ತ ಕೇಳಿಸಿಕೊಂಡ. "ಬಂದರಿನಲ್ಲಿ ಒಮ್ಮೊಮ್ಮೆ ಪೆಟ್ಟಿಗೆ ಮೇಲೆ ಒಂದು ನಂಬರ್ ಇರತ್ತೆ, ಕಾಗದದಲ್ಲಿ ಇನ್ನೊಂದು ಇರತ್ತೆ. ಆಗ ನಾವು ಪೆಟ್ಟಿಗೆ ಬದಿಗಿಟ್ಟು ಕೇಳ್ತೀವಿ. ನಮಗೆ ಸರಿ ಕಾಣ್ತು ಅಂತ ನಂಬರ್ ಅಳಿಸಿ ಬರೆಯಲ್ಲ, ವೇದಾ."

ಅವಳಿಗೆ ಚುರುಕ್ಕೆಂದಿತು. ಆದರೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮಾರನೆಯ ದಿನ ಅವಳು ರಮಾನಂದರಿಗೆ ಫೋನ್ ಮಾಡಿದಳು. ನಡೆದದ್ದನ್ನು ಹೇಳಿ, ತಾರೀಖುಗಳನ್ನು ಮೊದಲಿನ ಹಾಗೆ ಮಾಡಬೇಕು ಎಂದಳು.

"ಮೇಡಂ, ಅವರು ಒಪ್ಪಿಕೊಂಡಾಗಿದೆ. ಖುಷಿಯಾಗಿದ್ದಾರೆ. ಆ ಮೂರು ವರ್ಷ ಹಾಗೆ ಕಲಸಿ ಹೋಗಿದ್ದೇ ಅವರಿಗೆ ಇಷ್ಟ, ಗೊತ್ತಾಗ್ಲಿಲ್ವಾ ನಿಮಗೆ?"

ಅದುವರೆಗೂ ಅವಳಿಗೆ ಅದು ಗೊತ್ತಾಗಿರಲಿಲ್ಲ. ಆ ಪತ್ರದ 'ಸ್ಪಷ್ಟ' ಎಂಬ ಮಾತನ್ನು ಅವಳು ಮೆಚ್ಚುಗೆಯೆಂದು ತಿಳಿದು ಅಪ್ಪನಿಗೂ ಓದಿ ಹೇಳಿದ್ದಳು.

"ಅವರಿಗೆ ಸುಳ್ಳು ಬೇಕಿದ್ದರೆ ಅವರೇ ಬರೆದುಕೊಳ್ಳಲಿ ಸರ್. ಇದು ನಾನು ಮಾಡಿದ ಸುಳ್ಳು. ಗೊತ್ತಿಲ್ಲದೆ ಮಾಡಿದ್ದು, ಈಗ ಗೊತ್ತಾಯ್ತು."

"ನಮ್ಮಲ್ಲಿ ಈಗಾಗಲೇ ಹನ್ನೊಂದು ಜನರನ್ನು ಮನೆಗೆ ಕಳಿಸಿದ್ದಾರೆ. ಇನ್ನೂ ಕಳಿಸ್ತಾರೆ. ಈ ಗಿರಾಕಿ ಮುನಿಸಿಕೊಂಡರೆ ಯಾರ್ಯಾರು ಹೋಗ್ತಾರೆ ಅಂತ ನಾನೇ ಪಟ್ಟಿ ಮಾಡಬೇಕು." ಅವರ ದನಿ ಜೋರಾಗಿರಲಿಲ್ಲ, ದಣಿದಿತ್ತು. "ನಿಮಗೆ ಕೈ ಮುಗೀತೀನಿ, ಸುಮ್ಮನಿರಿ."

ವೇದವತಿ ಒಂದು ವಾರ ಸುಮ್ಮನಿದ್ದಳು. ಆ ಹನ್ನೊಂದು ಜನರಲ್ಲಿ ಇಬ್ಬರು ಅವಳ ಜೊತೆ ಊಟಕ್ಕೆ ಕೂರುತ್ತಿದ್ದವರು. ಅವರ ಹೆಸರು ನೆನೆದರೆ ರಮಾನಂದರು ಸರಿ ಅನ್ನಿಸುತ್ತಿತ್ತು. ಮಾರ್ತಾಳ ಒಂದು ಸಾಲಿನ ಪತ್ರ ತೆರೆದರೆ ತನ್ನ ಕೈ ಕೊಳಕಾದ ಹಾಗೆ ಅನ್ನಿಸುತ್ತಿತ್ತು. ಅಡುಗೆ ಮಾಡುತ್ತ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ತಾನು ಯಾವ ದೇಶದ, ಯಾವ ಪಕ್ಷದ, ಯಾರ ಜಗಳದ ನಡುವೆ ನಿಂತಿದ್ದೇನೆ ಎಂದೇ ಅವಳಿಗೆ ತಿಳಿಯಲಿಲ್ಲ. ಆ ನಾಯಕ ಒಳ್ಳೆಯವನೋ ಕೆಟ್ಟವನೋ ಎಂಬುದೂ ಇಪ್ಪತ್ತು ವರ್ಷದ ಸುದ್ದಿ ಓದಿದ ಮೇಲೂ ಗೊತ್ತಿರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಅವಳು ಕಂಪ್ಯೂಟರ್ ತೆರೆದು, ಇಟ್ಟುಕೊಂಡಿದ್ದ ಪ್ರತಿಯಿಂದ ನಾನೂರ ಹನ್ನೆರಡು ತಾರೀಖುಗಳನ್ನೂ ಮೊದಲಿನ ಹಾಗೆ ಮಾಡಿದಳು. ಪಟ್ಟಿ ಇನ್ನೂ ಅವಳ ಕೈಯಲ್ಲೇ ಇತ್ತು, ತಿದ್ದುವ ಅಧಿಕಾರವೂ ಇತ್ತು. ಪ್ರತಿಯೊಂದರ ಕೆಳಗೂ 'ತಾರೀಖು ತಪ್ಪಾಗಿ ಬದಲಾಗಿತ್ತು, ತಪ್ಪು ವೇದವತಿಯದು, ವಾರ ಮತ್ತು ಹೆಸರಿನ ದಿನದಿಂದ ಖಾತ್ರಿ ಮಾಡಿದೆ' ಎಂದು ಬರೆದಳು. ಮೂರು ವರ್ಷಕ್ಕೆ ಆರು ಪುಟ ಹೊಸದಾಗಿ ಬರೆದಳು. ಅದರಲ್ಲಿ ಯಾರನ್ನೂ ಬೈಯಲಿಲ್ಲ, ಹೊಗಳಲಿಲ್ಲ. ಕದ್ದು ಮಾಡುವುದು ಬೇಡವೆಂದು ಚಾನಲ್ಲಿಗೂ ರಮಾನಂದರಿಗೂ ಒಂದೇ ಪತ್ರ ಹಾಕಿದಳು.

ಮೂರು ದಿನ ಫೋನೇ ಇಲ್ಲ. ನಾಲ್ಕನೆಯ ದಿನ ರಮಾನಂದರು ಮಾಡಿದರು.

"ಗಿರಾಕಿ ಹೋಗಲಿಲ್ಲ," ಎಂದರು. "ನಿಮ್ಮ ಆರು ಪುಟ ಬೇಡವಂತೆ. ನೀವು ಆ ಕೆಲಸದಲ್ಲಿ ಇರೋದೂ ಬೇಡವಂತೆ. ನಾಳೆಯಿಂದ ನೀವು ಥಾಯ್ ಅಡುಗೆ ಕಾರ್ಯಕ್ರಮದ ಪಟ್ಟಿ ನೋಡ್ಕೊಳ್ಳಿ." ಆಮೇಲೆ ಸೇರಿಸಿದರು. "ಪಟ್ಟಿಯ ತಾರೀಖುಗಳನ್ನು ನಾನು ಮುಟ್ಟಿಲ್ಲ. ಅವರು ಕೇಳಲೂ ಇಲ್ಲ. ಹಾಗೇ ಇರಲಿ."

ಮಾರ್ಚಿನಲ್ಲಿ ಚಾನಲ್ಲಿನ ಇಪ್ಪತ್ತರ ಪುಸ್ತಕ ಹೊರಬಂತು. ಅದರಲ್ಲಿ 2012ರ ಬೇಸಿಗೆಯ ಒಂದು ಮೆರವಣಿಗೆಯ ಚಿತ್ರ ಒಂದು ಪುಟದಲ್ಲಿತ್ತು. ಪುಟ ತಿರುವಿದರೆ 2015. ನಡುವಿನ ಮೂರು ವರ್ಷ ಹಿಂದಕ್ಕೂ ಹೋಗಿರಲಿಲ್ಲ, ತಮ್ಮ ಜಾಗಕ್ಕೂ ಬಂದಿರಲಿಲ್ಲ, ಪುಸ್ತಕದಲ್ಲಿ ಇರಲೇ ಇಲ್ಲ. ಆದರೆ ಪಟ್ಟಿಯಲ್ಲಿ ಹುಡುಕಿದರೆ ನಾನೂರ ಹನ್ನೆರಡೂ ತಮ್ಮ ತಮ್ಮ ದಿನದಲ್ಲಿ ಇದ್ದವು.

ಅದೇ ವಾರ ಮಾರ್ತಾ ತಾನಾಗಿಯೇ ವೀಡಿಯೊ ಕರೆ ಮಾಡಿದಳು. ಉಸಿರು ಮೊದಲಿಗಿಂತ ವಾಸಿಯಾಗಿತ್ತು. ಪಟ್ಟಿ ನೋಡಿದೆ, ಥ್ಯಾಂಕ್ಸ್ ಎಂದಳು.

ವೇದವತಿ ಪರದೆಯ ಹತ್ತಿರಕ್ಕೆ ಬಾಗಿದಳು. "ಆ ಮೂರು ವರ್ಷ ನೀವು ಎಷ್ಟು ಧೈರ್ಯದಿಂದ ಕೆಲಸ ಮಾಡಿದ್ದಿರೋ ಏನೋ. ಅಷ್ಟು ದೊಡ್ಡ ಮನುಷ್ಯನ ವಿರುದ್ಧ..."

ಮಾರ್ತಾ ಅರ್ಥವಾಗದವಳಂತೆ ನೋಡಿದಳು. "ನಾನಾ? ನಾನು ಅವನ ಪಕ್ಷದವಳು. ಮೊದಲ ದಿನದಿಂದ. ಈಗಲೂ ಅವನಿಗೇ ಓಟು ಹಾಕ್ತೀನಿ."

"ಮತ್ತೆ..."

"ಅವರು ನನ್ನನ್ನು ಆ ಸೋಮವಾರವೇ ಹೊರಗೆ ಹಾಕಿದರು. ಮೂರು ವರ್ಷ ಮನೆಯಲ್ಲಿ ಕೂತಿದ್ದೆ. ಮಾತಾಡಿಸುವವರಿರಲಿಲ್ಲ. ಮರಳಿ ಕರೆದಾಗ ಹೊಸ ಬಾಸು ಆ ಟೇಪುಗಳನ್ನು ಎಸೆಯಲು ಹೇಳಿದ. ನಾನು ಕೆಳಗಿನ ಕಪಾಟಿನಲ್ಲಿ ಇಟ್ಟೆ. ಅದರಲ್ಲಿ ಹೇಳಿದ ಒಂದು ಮಾತನ್ನೂ ನಾನು ನಂಬಲ್ಲ."

"ಹಾಗಿದ್ದರೆ ಯಾಕೆ ಇಟ್ಟಿರಿ?"

ಮಾರ್ತಾ ಶಾಲು ಸರಿಮಾಡಿಕೊಂಡಳು. "ಆ ಮೂರು ವರ್ಷ ಇರಲೇ ಇಲ್ಲ ಅಂದರೆ, ನಾನು ಯಾಕೆ ಮನೆಯಲ್ಲಿ ಕೂತಿದ್ದೆ?"

ಭಾನುವಾರ ಸಂಜೆ ಗಂಡ ಹೆಂಡತಿ ಮನೆಯ ಕೆಳಗಿನ ಮಾಮಾಕ್, ಅಂದರೆ ತಮಿಳು ಮುಸ್ಲಿಮರ, ಹೋಟೆಲಿನಲ್ಲಿ ಕೂತರು. ಕೂತು ತಿನ್ನಲು ಮತ್ತೆ ಬಿಟ್ಟಿದ್ದರು. ಅರ್ಧ ಕುರ್ಚಿಗಳ ಮೇಲೆ ಮಾತ್ರ ಇನ್ನೂ ಕೆಂಪು ಟೇಪು ಅಂಟಿಸಿತ್ತು. ವೇದವತಿ ಮಾರ್ತಾ ಹೇಳಿದ್ದನ್ನೆಲ್ಲ ಹೇಳಿದಳು.

"ಅಂದ್ರೆ ಆಕೆಗೆ ಆ ಟೇಪು ಕಂಡರಾಗಲ್ಲ. ಆದ್ರೂ ಕಾಪಾಡಿದಳು," ಎಂದ ಕೌಸ್ತುಭ. "ನೀನು ಅವಳಿಗೋಸ್ಕರ ಅಷ್ಟೆಲ್ಲ ಮಾಡಿದೆ. ಅವಳು ಆ ಕಡೆಯವಳು ಅಂತ ಮೊದಲೇ ಗೊತ್ತಿದ್ದರೆ ಮಾಡ್ತಿದ್ದೆಯಾ?"

"ಯಾವ ಕಡೆ ಅಂತಲೇ ನನಗೆ ಗೊತ್ತಿಲ್ಲವಲ್ಲ ರೀ," ಎಂದಳು ವೇದವತಿ. ಆಮೇಲೆ ಯೋಚಿಸಿದಳು. "ಮಾಡ್ತಿದ್ದೆ ಅನ್ಸತ್ತೆ. ಖಾತ್ರಿಯಿಲ್ಲ."

ಕೌಸ್ತುಭ ನಕ್ಕ. ಅವಳು ನಗಲಿಲ್ಲ. ತಣ್ಣಗಾಗುತ್ತಿದ್ದ ರೊಟ್ಟಿ ಚನಾಯಿಯನ್ನು ಮುರಿದು, ಅರ್ಧವನ್ನು ಮನೆಯಲ್ಲಿದ್ದ ಮಗಳಿಗೆಂದು ಕಾಗದದಲ್ಲಿ ಸುತ್ತಿದಳು. ಸುತ್ತುತ್ತ, ಮೊದಲೇ ಗೊತ್ತಿದ್ದರೆ ಮಾಡುತ್ತಿದ್ದೆನೇ ಎಂದು ಮತ್ತೆ ಕೇಳಿಕೊಳ್ಳುತ್ತಿದ್ದಳು.